ಯೋಗಿ ಬೆರಾ: ಕ್ಯಾಚರ್, ಕೋಚ್, ಮ್ಯಾನೇಜರ್ – ಪದೇ ಪದೇ ಕೇಳುವ ಪ್ರಶ್ನೆಗಳು

ಯೋಗಿ ಬೆರಾ ಅಂದರೆ ಯಾರು?

ಅಮೆರಿಕದ ಬೇಸ್‌ಬಾಲ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಕ್ಯಾಚರ್ ಆಗಿದ್ದವರು. ಆಮೇಲೆ ಅದೇ ತಂಡಕ್ಕೂ, ಅದೇ ಊರಿನ ಇನ್ನೊಂದು ತಂಡವಾದ ಮೆಟ್ಸ್‌ಗೂ ಕೋಚ್ ಆದರು, ಮ್ಯಾನೇಜರ್ ಆದರು. ಆಟಗಾರನಾಗಿ ಹತ್ತು ವರ್ಲ್ಡ್ ಸೀರೀಸ್ (ಎರಡು ಲೀಗ್‌ಗಳ ವಿಜೇತರ ನಡುವೆ ವರ್ಷದ ಕೊನೆಗೆ ನಡೆಯುವ ಫೈನಲ್ ಸರಣಿ) ಗೆದ್ದರು. ಈ ದಾಖಲೆಯನ್ನು ಇದುವರೆಗೆ ಯಾರೂ ಮುರಿದಿಲ್ಲ. ಹುಟ್ಟಿದ್ದು 1925ರ ಮೇ 12ರಂದು, ಸೇಂಟ್ ಲೂಯಿಸ್ ನಗರದಲ್ಲಿ ಇಟಲಿಯಿಂದ ವಲಸೆ ಬಂದವರು ನೆಲೆಸಿದ್ದ ‘ದಿ ಹಿಲ್’ ಎಂಬ ಕೇರಿಯಲ್ಲಿ. ಎಂಟನೇ ತರಗತಿಗೆ ಓದು ನಿಂತಿತು. ಎತ್ತರ ಐದಡಿ ಏಳಂಗುಲ. ಮೈಕಟ್ಟು ನೋಡಿ ಇವನೆಂಥ ಆಟಗಾರ ಎಂದು ಆಡಿಕೊಂಡವರೇ ಹೆಚ್ಚು.

ಇವತ್ತಿಗೂ ಜನ ಅವರನ್ನು ನೆನೆಯುವುದು ತಮಾಷೆಯ ಮಾತುಗಳಿಂದ. ಅವರ ನಿಜವಾದ ಶಕ್ತಿ ಇದ್ದದ್ದು ಕಣ್ಣಿನಲ್ಲಿ. ಬೇಸ್‌ಬಾಲ್ ಅಂಗಳವನ್ನು ಅವರಷ್ಟು ಚೆನ್ನಾಗಿ ನೋಡಿದವರು ಕಡಿಮೆ ಎಂಬುದು ನನ್ನ ಗಟ್ಟಿ ನಂಬಿಕೆ. ಅದಕ್ಕೇ ಈ ಪುಟದಲ್ಲಿ ಆಟದ ವಿಚಾರವೇ ಹೆಚ್ಚು.

ಇಟಲಿ ಮೂಲದ ಹುಡುಗನಿಗೆ ‘ಯೋಗಿ’ ಅನ್ನುವ ಹೆಸರು ಎಲ್ಲಿಂದ ಬಂತು?

ನಮ್ಮ ಕಡೆಯಿಂದಲೇ. ತಂದೆತಾಯಿ ಇಟ್ಟ ಹೆಸರು ಲೊರೆಂಜೊ ಪಿಯೆತ್ರೊ. ಹುಡುಗರ ತಂಡದಲ್ಲಿ ಆಡುತ್ತಿದ್ದಾಗ ತನ್ನ ಸರದಿಗಾಗಿ ಕಾಯುತ್ತಾ ಕಾಲು ಮಡಚಿ, ಕೈ ಕಟ್ಟಿ ನೆಲದ ಮೇಲೆ ಕೂರುತ್ತಿದ್ದ. ಗೆಳೆಯನೊಬ್ಬ ಸಿನಿಮಾ ಮಂದಿರದಲ್ಲಿ ಭಾರತದ ಕುರಿತ ಚಿತ್ರವೊಂದನ್ನು ನೋಡಿ ಬಂದಿದ್ದ. ಅದರಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಯೋಗಿಯೊಬ್ಬ ಇದ್ದ. “ನೀನು ಥೇಟ್ ಆ ಯೋಗಿ ಥರಾನೇ ಕಾಣ್ತೀಯ” ಅಂದ. ಅಷ್ಟೇ, ಹೆಸರು ಅಂಟಿಕೊಂಡಿತು. ಕೊನೆಗೆ ಹೆಂಡತಿ ಕಾರ್ಮೆನ್ ಕೂಡ ಹಾಗೇ ಕರೆಯುತ್ತಿದ್ದರು.

ಯೋಗಿ ಬೇರ್ ಕಾರ್ಟೂನ್ ಕರಡಿಗೂ ಇವರಿಗೂ ಸಂಬಂಧ ಇದೆಯೇ?

ಕರಡಿ ಟೀವಿಗೆ ಬಂದದ್ದು 1958ರಲ್ಲಿ. ಆ ಹೊತ್ತಿಗೆ ಬೆರಾ ದೇಶಕ್ಕೆಲ್ಲ ಪರಿಚಿತರು. ಹೆಸರು ಅವರಿಂದಲೇ ಬಂತೆಂದು ಬಹಳ ಮಂದಿ ನಂಬುತ್ತಾರೆ.

ಕ್ಯಾಚರ್ ಅಂದರೆ ನಮ್ಮ ವಿಕೆಟ್‌ ಕೀಪರ್ ತಾನೇ?

ನಿಲ್ಲುವ ಜಾಗ ನೋಡಿದರೆ ಹೌದು, ಕೆಲಸ ನೋಡಿದರೆ ಅಲ್ಲ. ಕ್ರಿಕೆಟ್‌ನಲ್ಲಿ ಯಾವ ಚೆಂಡು ಹಾಕಬೇಕೆಂದು ಬೌಲರ್ ತೀರ್ಮಾನಿಸುತ್ತಾನೆ, ಕೀಪರ್ ಅದಕ್ಕೆ ಹೊಂದಿಕೊಳ್ಳುತ್ತಾನೆ. ಬೇಸ್‌ಬಾಲ್‌ನಲ್ಲಿ ಇದು ತಿರುಗಾ ಮುರುಗಾ. ಕ್ಯಾಚರ್ ಬ್ಯಾಟರ್‌ನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ತೊಡೆಗಳ ಸಂದಿಯಲ್ಲಿ ಬೆರಳು ತೋರಿಸಿ, ಚೆಂಡು ಎಸೆಯುವ ಪಿಚರ್‌ಗೆ ಸನ್ನೆ ಮಾಡುತ್ತಾನೆ. ಒಂದು ಬೆರಳು ಅಂದರೆ ವೇಗದ ಎಸೆತ, ಎರಡು ಅಂದರೆ ಬಾಗುವ ಎಸೆತ, ಹೀಗೆ. 2022ರಿಂದ ಇದಕ್ಕೆ ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಸಾಧನವೂ ಬಂದಿದೆ. ಬೆರಾ ಕಾಲದಲ್ಲಿ ಇದ್ದದ್ದು ಬೆರಳುಗಳು ಮಾತ್ರ. ಪಿಚರ್‌ಗೆ ಒಪ್ಪಿಗೆಯಾಗದಿದ್ದರೆ ತಲೆ ಅಲ್ಲಾಡಿಸಬಹುದು. ಆದರೆ ಮೊದಲ ಆಲೋಚನೆ ಕ್ಯಾಚರ್‌ನದು. ಅದೂ ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಸಲ.

ಇನ್ನೊಂದು ವಿಷಯ ಗಮನಿಸಿ. ಫೀಲ್ಡಿಂಗ್ ತಂಡದ ಉಳಿದ ಎಂಟು ಮಂದಿ ಬ್ಯಾಟರ್ ಕಡೆಗೆ ಮುಖ ಮಾಡಿ ನಿಂತರೆ, ಕ್ಯಾಚರ್ ಒಬ್ಬನೇ ಅವರ ಕಡೆಗೆ ಮುಖ ಮಾಡಿರುತ್ತಾನೆ. ಎಂಟೂ ಮುಖ, ಓಟಗಾರರು ಒಂದೊಂದಾಗಿ ಮುಟ್ಟಬೇಕಾದ ಎಲ್ಲ ಬೇಸ್‌ಗಳು, ಓಡಲು ತುದಿಗಾಲಲ್ಲಿ ನಿಂತ ಎದುರಾಳಿ ಎಲ್ಲವೂ ಅವನಿಗೆ ಕಾಣುತ್ತವೆ. ಪಕ್ಕದಲ್ಲೇ ಇರುವ ಬ್ಯಾಟರ್ ಕಾಲು ಎಲ್ಲಿಟ್ಟಿದ್ದಾನೆ ಎಂಬುದೂ ಕಾಣುತ್ತದೆ. ಹಿಂದೆ ಅಂಪೈರ್ ಉಸಿರು ಕೇಳಿಸುತ್ತದೆ. ಬೆರಾ ಬ್ಯಾಟರ್‌ಗಳ ಜೊತೆ ಹರಟೆಗೂ ಇಳಿಯುತ್ತಿದ್ದರು. ಗಮನ ಬೇರೆ ಕಡೆ ಎಳೆಯುವ ಈ ಉಪಾಯ ನಮ್ಮ ಕೀಪರ್‌ಗಳಿಗೂ ಹೊಸದಲ್ಲ.

ಅವರು ಶುರುವಿನಿಂದಲೇ ಒಳ್ಳೆಯ ಕ್ಯಾಚರ್ ಆಗಿದ್ದರೇ?

ಇಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಹುಟ್ಟು ಪ್ರತಿಭೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ.

ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದವರು ಅದೇ ಬೀದಿಯ ಗೆಳೆಯ ಜೋ ಗರಾಜಿಯೋಲಾಗೆ 500 ಡಾಲರ್ ಕೊಟ್ಟು ಸೇರಿಸಿಕೊಂಡರು. ಬೆರಾಗೆ ಅಷ್ಟು ಕೊಡಲು ಒಪ್ಪಲಿಲ್ಲ. ಗೆಳೆಯನಿಗೆ ಕೊಟ್ಟಷ್ಟೇ ನನಗೂ ಬೇಕೆಂದು ಹುಡುಗ ಪಟ್ಟು ಹಿಡಿದ. ಆ 500 ಕೊಟ್ಟವರು ಯಾಂಕೀಸ್. ನಡುವೆ ಯುದ್ಧ ಬಂತು. ನೌಕಾಪಡೆ ಸೇರಿ, 1944ರ ಜೂನ್ 6ರಂದು ನಾರ್ಮಂಡಿ ತೀರದಲ್ಲಿ ಸಣ್ಣ ರಾಕೆಟ್ ದೋಣಿಯೊಂದರಲ್ಲಿದ್ದರು. ಆಗ ವಯಸ್ಸು ಹತ್ತೊಂಬತ್ತು. ಮರಳಿ ಬಂದು 1946ರ ಸೆಪ್ಟೆಂಬರ್ 22ರಂದು ಯಾಂಕೀಸ್ ಪರ ಮೊದಲ ಪಂದ್ಯ ಆಡಿದರು, ಅದರಲ್ಲೇ ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಹೊಡೆದರು.

ಬ್ಯಾಟು ಹೀಗೆ ಮಾತಾಡುತ್ತಿದ್ದರೂ ಕೈಗವಸು ತೊದಲುತ್ತಿತ್ತು. 1947ರ ವರ್ಲ್ಡ್ ಸೀರೀಸ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ನ ಓಟಗಾರರು ಈ ಹೊಸ ಕ್ಯಾಚರ್ ಎದುರು ಒಂದಾದ ಮೇಲೊಂದು ಬೇಸ್ ಕದ್ದರು, ಅಂದರೆ ಬ್ಯಾಟರ್ ಹೊಡೆಯದೆಯೇ ಓಡಿ ಮುಂದಿನ ಬೇಸ್ ಸೇರಿದರು. ಕೆಲಕಾಲ ಅವರನ್ನು ದೂರದ ಔಟ್‌ಫೀಲ್ಡ್‌ಗೆ ಕಳಿಸಿ ಆಡಿಸಿದ್ದೂ ಉಂಟು. 1949ರಲ್ಲಿ ಕೇಸಿ ಸ್ಟೆಂಗಲ್ ಮ್ಯಾನೇಜರ್ ಆಗಿ ಬಂದು, ಯಾಂಕೀಸ್‌ನ ಹಳೆಯ ಮಹಾನ್ ಕ್ಯಾಚರ್ ಬಿಲ್ ಡಿಕಿಯನ್ನು ಕೋಚ್ ಆಗಿ ಕರೆಸಿದರು. ಪಾದ ಎಲ್ಲಿಡಬೇಕು, ಬ್ಯಾಟರ್‌ಗೆ ಎಷ್ಟು ಹತ್ತಿರ ಕೂರಬೇಕು, ಚೆಂಡು ಹಿಡಿದ ಕೈ ಎಸೆಯುವ ಭಂಗಿಗೆ ಹೇಗೆ ಹೊರಳಬೇಕು ಎಂದು ಡಿಕಿ ಅಆಇಈಯಿಂದ ತಿದ್ದಿದರು. “ಬಿಲ್ ತಮ್ಮ ಅನುಭವವನ್ನೇ ನನಗೆ ಕಲಿಸ್ತಿದ್ದಾರೆ” ಎಂಬರ್ಥದ ಬೆರಾ ಮಾತನ್ನು ಪತ್ರಿಕೆಗಳು ವ್ಯಾಕರಣ ತಪ್ಪೆಂದು ನಕ್ಕು ಅಚ್ಚು ಹಾಕಿದವು. ನನಗಂತೂ ಗುರುವಿನ ಬಗ್ಗೆ ಶಿಷ್ಯ ಹೇಳಬಹುದಾದ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕಿಲ್ಲ.

ಕಲಿಕೆಯ ಫಲ ಇದು: 1957ರಿಂದ 1959ರವರೆಗೆ ಸತತ 148 ಪಂದ್ಯ ಕ್ಯಾಚರ್ ಸ್ಥಾನದಲ್ಲಿ ಒಂದೂ ತಪ್ಪು ಮಾಡಲಿಲ್ಲ. ಸ್ಟೆಂಗಲ್ ಅವರನ್ನು ‘ನನ್ನ ಸಹಾಯಕ ಮ್ಯಾನೇಜರ್’ ಎಂದೇ ಕರೆಯುತ್ತಿದ್ದರು. 1972ರಲ್ಲಿ ಯಾಂಕೀಸ್ 8ನೇ ನಂಬರಿನ ಅಂಗಿಯನ್ನು ಗುರು ಡಿಕಿ, ಶಿಷ್ಯ ಬೆರಾ ಇಬ್ಬರ ಗೌರವಕ್ಕೂ ಸೇರಿಸಿ ನಿವೃತ್ತಿಗೊಳಿಸಿತು. ಇಬ್ಬರೂ ತೊಟ್ಟದ್ದು ಅದೇ ನಂಬರು.

ಬ್ಯಾಟಿಂಗ್ ಹೇಗಿತ್ತು?

ಎಡಗೈ ಬ್ಯಾಟರ್. ಕಣಕಾಲಿನ ಹತ್ತಿರ ಬಂದ ಚೆಂಡನ್ನೂ ತಲೆಯ ಮಟ್ಟದ್ದನ್ನೂ ಬಿಡದೆ ಬಾರಿಸುವವರು. ಹಾಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಬೀಸುವವರು ಸಾಮಾನ್ಯವಾಗಿ ಮೂರು ಸ್ಟ್ರೈಕಿಗೆ, ಅಂದರೆ ಮೂರು ಸಲ ಹೊಡೆತ ತಪ್ಪಿ, ಬೇಗ ಔಟ್ ಆಗುತ್ತಾರೆ. ಬೆರಾ 1950ರಲ್ಲಿ 28 ಹೋಮ್ ರನ್ ಹೊಡೆದರು, ಇಡೀ ವರ್ಷ ಸ್ಟ್ರೈಕ್ ಔಟ್ ಆದದ್ದು 12 ಸಲ. ಇವತ್ತಿನ ಆಟಗಾರರಲ್ಲಿ ಅದನ್ನು ಎರಡು ವಾರದಲ್ಲೇ ದಾಟುವವರಿದ್ದಾರೆ. ಒಟ್ಟು 358 ಹೋಮ್ ರನ್, 2,150 ಹಿಟ್. 1951, 1954, 1955ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. ಡಿಮ್ಯಾಜಿಯೊ, ಮ್ಯಾಂಟಲ್‌ರಂಥ ಹೆಸರಾಂತ ಬ್ಯಾಟರ್‌ಗಳಿದ್ದ ತಂಡದಲ್ಲಿ 1949ರಿಂದ 1955ರವರೆಗೆ ಏಳು ವರ್ಷವೂ ಅತಿ ಹೆಚ್ಚು ರನ್ ತಂದುಕೊಟ್ಟವರು ಈ ಗಿಡ್ಡ ಕ್ಯಾಚರ್.

1956ರ ಆ ಪ್ರಸಿದ್ಧ ಫೋಟೋದ ಕಥೆ ಏನು?

ಪಿಚರ್‌ನ ಎದೆಗೆ ಮಗುವಿನಂತೆ ಜಿಗಿದು, ಕಾಲು ಸುತ್ತಿ ಅಪ್ಪಿಕೊಂಡಿರುವ ಕ್ಯಾಚರ್. ಆ ಚಿತ್ರ 1956ರ ಅಕ್ಟೋಬರ್ 8ರದು.

ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ, ಎದುರಾಳಿ ಬ್ರೂಕ್ಲಿನ್ ಡಾಡ್ಜರ್ಸ್. ಪಿಚರ್ ಡಾನ್ ಲಾರ್ಸನ್ ದೊಡ್ಡ ಹೆಸರೇನಲ್ಲ. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಅದೇ ಸರಣಿಯ ಎರಡನೇ ಪಂದ್ಯದಲ್ಲಿ ಎರಡನೇ ಇನಿಂಗ್ಸ್‌ನಲ್ಲೇ ಅವರನ್ನು ಹೊರಗೆ ಕರೆಸಿದ್ದರು. ಇವತ್ತು 27 ಬ್ಯಾಟರ್‌ಗಳು ಬಂದರು, 27 ಮಂದಿಯೂ ಔಟ್. ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಇದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಇಂದಿಗೂ ಅದೊಂದೇ.

ಲಾರ್ಸನ್ ಹಾಕಿದ್ದು 97 ಎಸೆತ. ಬೆರಾ ತೋರಿಸಿದ ಸನ್ನೆಗೆ ಒಂದು ಸಲವೂ ತಲೆ ಅಲ್ಲಾಡಿಸಲಿಲ್ಲ ಎಂದು ಅವರೇ ಹೇಳಿದರು. ಅಂದರೆ ಆ ದಿನ ಎಸೆದದ್ದು ಲಾರ್ಸನ್‌ರ ತೋಳು, ಯೋಚಿಸಿದ್ದು ಬೆರಾ ತಲೆ. ದಾಖಲೆ ಪುಸ್ತಕದಲ್ಲಿ ಪರ್ಫೆಕ್ಟ್ ಗೇಮ್ ಪಿಚರ್ ಹೆಸರಿಗೆ ಹೋಗುತ್ತದೆ, ಅದು ಆಟದ ಪದ್ಧತಿ. ಆದರೆ ಫೋಟೋ ನೋಡಿ, ಇಬ್ಬರಲ್ಲಿ ಯಾರಿಗೆ ಹೆಚ್ಚು ಸಂತೋಷವಾಗಿದೆ ಎಂದು ಹೇಳುವುದು ಕಷ್ಟ.

ಜಾಕಿ ರಾಬಿನ್ಸನ್ ಔಟೋ, ನಾಟೌಟೋ?

1955ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಡಾಡ್ಜರ್ಸ್ ಆಟಗಾರ ರಾಬಿನ್ಸನ್ ಮೂರನೇ ಬೇಸಿನಿಂದ ಸೀದಾ ಹೋಮ್‌ಗೆ (ಬ್ಯಾಟರ್ ನಿಲ್ಲುವ, ಮುಟ್ಟಿದರೆ ರನ್ ಸಿಗುವ ಜಾಗಕ್ಕೆ) ನುಗ್ಗಿದರು. ಅಂಪೈರ್ ಸೇಫ್ ಅಂದರು. ಬೆರಾ ಅಂಪೈರ್ ಮುಖಕ್ಕೆ ಮುಖ ಕೊಟ್ಟು ಕೂಗಾಡಿದರು, ಸಾಯುವವರೆಗೂ “ಔಟೇ” ಎಂದರು. ಪ್ರಶ್ನೆ ಇನ್ನೂ ತೀರಿಲ್ಲ.

ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್, ಕೋಚ್ ಇವರ ಕೆಲಸ ಏನು?

ಇಲ್ಲಿ ಕ್ರಿಕೆಟ್ ಪದಗಳು ದಾರಿ ತಪ್ಪಿಸುತ್ತವೆ. ನಮ್ಮಲ್ಲಿ ಮ್ಯಾನೇಜರ್ ಅಂದರೆ ಹೋಟೆಲು, ಬಸ್ಸು ನೋಡಿಕೊಳ್ಳುವವರು. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಪಂದ್ಯದ ಯಜಮಾನ. ಯಾರು ಆಡಬೇಕು, ಯಾವ ಕ್ರಮದಲ್ಲಿ ಬ್ಯಾಟ್ ಮಾಡಬೇಕು, ದಣಿದ ಪಿಚರ್‌ನನ್ನು ಯಾವಾಗ ಬದಲಿಸಬೇಕು ಎಲ್ಲವೂ ಅವರ ಕೈಯಲ್ಲಿ. ನಮ್ಮ ಕ್ಯಾಪ್ಟನ್ ಮೈದಾನದಲ್ಲಿ ಮಾಡುವ ಎಷ್ಟೋ ತೀರ್ಮಾನಗಳನ್ನು ಅವರು ತಂಡದ ಅಂಗಿ ತೊಟ್ಟು ಬೆಂಚಿನಲ್ಲಿ ಕೂತು ಮಾಡುತ್ತಾರೆ. ಕೋಚ್‌ಗಳು ಅವರ ಕೆಳಗೆ. ಇಬ್ಬರು ಕೋಚ್‌ಗಳು ಮೊದಲ ಮತ್ತು ಮೂರನೇ ಬೇಸ್ ಪಕ್ಕ ನಿಂತು ಓಡು, ನಿಲ್ಲು ಎಂದು ಓಟಗಾರರಿಗೆ ಸೂಚನೆ ಕೊಡುತ್ತಾರೆ. ಆಟಗಾರರನ್ನು ಕೊಳ್ಳುವುದು, ಮ್ಯಾನೇಜರ್‌ನನ್ನು ತೆಗೆಯುವುದು ಮೇಲಿನ ಕಚೇರಿಯ ಕೆಲಸ. ಬೆರಾ ಬದುಕಿನಲ್ಲಿ ಆ ಕಚೇರಿ ಮೂರು ಸಲ ಬರುತ್ತದೆ.

1964ರಲ್ಲಿ ಫೈನಲ್‌ವರೆಗೆ ಒಯ್ದ ಮ್ಯಾನೇಜರ್‌ನನ್ನೇ ತೆಗೆದುಹಾಕಿದ್ದು ನಿಜವೇ?

ನಿಜ. ಫೈನಲ್ ಮುಗಿದ ಮರುದಿನವೇ.

1963ರಲ್ಲಿ ಆಟಗಾರ ಹಾಗೂ ಕೋಚ್ ಎರಡೂ ಆಗಿದ್ದ ಬೆರಾರನ್ನು ಮರು ವರ್ಷಕ್ಕೆ ಮ್ಯಾನೇಜರ್ ಮಾಡಿದರು. ಕೆಲಸಕ್ಕೆ ಹೇಗೆ ಸಿದ್ಧರಾದಿರಿ ಎಂದು ಕೇಳಿದ್ದಕ್ಕೆ ಅವರ ಉತ್ತರ: “ಸುಮ್ಮನೆ ನೋಡ್ತಾ ಇದ್ರೇನೇ ಎಷ್ಟೋ ಕಾಣುತ್ತೆ.” ಎಲ್ಲರೂ ನಕ್ಕರು. ಹದಿನೇಳು ವರ್ಷ ಕುಕ್ಕರಗಾಲಲ್ಲಿ ಕೂತು ನೋಡಿದವರ ಮಾತದು.

ಕೆಲಸ ಸುಲಭವಿರಲಿಲ್ಲ. ನಿನ್ನೆಯವರೆಗೆ ಹೆಗಲ ಮೇಲೆ ಕೈ ಹಾಕಿ ಓಡಾಡಿದ ಗೆಳೆಯರಿಗೆ ಇವತ್ತು ಯಜಮಾನಿಕೆ ಮಾಡಬೇಕು. ಆಗಸ್ಟ್‌ನಲ್ಲಿ ಷಿಕಾಗೋ ವೈಟ್ ಸಾಕ್ಸ್ ಎದುರು ಸಾಲಾಗಿ ನಾಲ್ಕು ಪಂದ್ಯ ಸೋತು ಬಸ್ ಹತ್ತಿದಾಗ, ಹಿಂದಿನ ಸೀಟಿನಲ್ಲಿ ಫಿಲ್ ಲಿಂಜ್ ಎಂಬ ಆಟಗಾರ ಮೌತ್ ಆರ್ಗನ್ ನುಡಿಸತೊಡಗಿದ. ನಿಲ್ಲಿಸು ಎಂದು ಬೆರಾ ಮುಂದಿನಿಂದ ಕೂಗಿದರು. ಲಿಂಜ್‌ಗೆ ಸರಿಯಾಗಿ ಕೇಳಿಸಲಿಲ್ಲ. ಜೋರಾಗಿ ನುಡಿಸು ಅಂತಿದ್ದಾರೆ ಎಂದು ಮ್ಯಾಂಟಲ್ ತುಂಟತನ ಮಾಡಿದರು. ಬೆರಾ ಎದ್ದು ಬಂದು ವಾದ್ಯಕ್ಕೆ ಬಾರಿಸಿದರು. ದಂಡ 200 ಡಾಲರ್. ತಂಡ ಕೈ ಮೀರಿದೆ ಎಂದು ಪತ್ರಿಕೆಗಳು ಬರೆದವು. ಆದದ್ದು ಬೇರೆ. ಸೌಮ್ಯ ಯೋಗಿಗೂ ಸಿಟ್ಟು ಬರುತ್ತದೆಂದು ಕಂಡ ಮೇಲೆ ತಂಡ ಮೈ ಕೊಡವಿ ಎದ್ದಿತು. ಕೊನೆಗೆ 99 ಗೆಲುವು, ವೈಟ್ ಸಾಕ್ಸ್‌ಗಿಂತ ಒಂದೇ ಒಂದು ಹೆಚ್ಚು. ಲೀಗ್ ಪಟ್ಟ ಯಾಂಕೀಸ್‌ಗೆ.

ವರ್ಲ್ಡ್ ಸೀರೀಸ್‌ನಲ್ಲಿ ಎದುರಾದದ್ದು ಹುಟ್ಟೂರಿನ ತಂಡ, ಅದೇ ಕಾರ್ಡಿನಲ್ಸ್. ಏಳನೇ ಪಂದ್ಯದಲ್ಲಿ ಸೋಲು. ಮರುದಿನ ಕಚೇರಿಗೆ ಕರೆದಾಗ ಮುಂದಿನ ವರ್ಷದ ಮಾತಿರಬೇಕು ಎಂದುಕೊಂಡು ಹೋದ ಬೆರಾ ಕೆಲಸ ಕಳೆದುಕೊಂಡು ಹೊರಬಂದರು. ಅವರ ಜಾಗಕ್ಕೆ ಬಂದದ್ದು ಅವರನ್ನು ಸೋಲಿಸಿದ ಕಾರ್ಡಿನಲ್ಸ್ ಮ್ಯಾನೇಜರ್ ಜಾನಿ ಕೀನ್. 1965ರಲ್ಲಿ ಯಾಂಕೀಸ್ ಆರನೇ ಸ್ಥಾನಕ್ಕೆ ಕುಸಿಯಿತು.

ಮ್ಯಾನೇಜರ್ ಆಗಿದ್ದವರು ಮತ್ತೆ ಕೋಚ್ ಆಗಿ ಇಳಿಯುವುದು ಅವಮಾನವಲ್ಲವೇ?

ಬೆರಾಗೆ ಹಾಗೆ ಅನಿಸಲಿಲ್ಲ. ಅವರ ವೃತ್ತಿಯಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ ಇದೇ. 1965ರಲ್ಲಿ ಮೆಟ್ಸ್ ಸೇರಿದರು, ಹಳೆಯ ಯಜಮಾನ ಸ್ಟೆಂಗಲ್ ಕೈಕೆಳಗೆ. ನಾಲ್ಕು ಪಂದ್ಯ ಆಡಿ, ಸಾಕು ಎಂದು ಗ್ಲೌಸು ಬಿಚ್ಚಿಟ್ಟರು. ಅದೇ ಬೇಸಿಗೆಯಲ್ಲಿ ಸ್ಟೆಂಗಲ್ ಸೊಂಟದ ಮೂಳೆ ಮುರಿದುಕೊಂಡಾಗ ಮ್ಯಾನೇಜರ್ ಪಟ್ಟ ವೆಸ್ ವೆಸ್ಟ್ರಮ್‌ಗೆ ಹೋಯಿತು. 1968ರಲ್ಲಿ ಗಿಲ್ ಹಾಡ್ಜಸ್ ಬಂದರು. ಬೆರಾ ಮಾತ್ರ ಮೊದಲ ಬೇಸಿನ ಪಕ್ಕದ ತಮ್ಮ ಜಾಗದಲ್ಲೇ ನಿಂತಿದ್ದರು. 1969ರಲ್ಲಿ, ಯಾರೂ ನಂಬದಿದ್ದ ಮೆಟ್ಸ್ ವರ್ಲ್ಡ್ ಸೀರೀಸ್ ಗೆದ್ದಾಗಲೂ ಅಲ್ಲೇ ಇದ್ದರು.

1972ರ ಏಪ್ರಿಲ್ 2ರಂದು ಹಾಡ್ಜಸ್ ಹೃದಯಾಘಾತದಿಂದ ತೀರಿಕೊಂಡರು, ಇನ್ನೂ ನಲವತ್ತೆಂಟು ತುಂಬಿರಲಿಲ್ಲ. ಮೆಟ್ಸ್ ಬೆರಾರನ್ನು ಮ್ಯಾನೇಜರ್ ಮಾಡಿತು. ಅದೇ ವರ್ಷ ಬೆರಾ ಹೆಸರು ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿತು.

“ಮುಗಿಯೋವರೆಗೂ ಮುಗಿದಂಗಲ್ಲ” ಎಂದದ್ದು ಯಾವಾಗ?

1973ರಲ್ಲಿ, ಮೆಟ್ಸ್ ಪಾತಾಳದಲ್ಲಿದ್ದಾಗ ಅಂದ ಮಾತೆಂದು ಪ್ರಸಿದ್ಧಿ. ಆಗಸ್ಟ್ ಕೊನೆಯಲ್ಲೂ ತಂಡ ತನ್ನ ವಿಭಾಗದಲ್ಲಿ ಕಟ್ಟಕಡೆಗಿತ್ತು. ಗಾಯಗೊಂಡಿದ್ದವರು ಮರಳಿದರು, ಸೆಪ್ಟೆಂಬರ್‌ನಲ್ಲಿ ಒಬ್ಬೊಬ್ಬರನ್ನೇ ಹಿಂದಿಕ್ಕಿ, ಬರೇ 82 ಗೆಲುವಿನಲ್ಲಿ ವಿಭಾಗ ಗೆದ್ದರು.

ಆಮೇಲೆ ಲೀಗ್ ಪಟ್ಟಕ್ಕಾಗಿ ಎದುರಾದದ್ದು ಬಲಾಢ್ಯ ಸಿನ್ಸಿನಾಟಿ ರೆಡ್ಸ್. ಮೂರನೇ ಪಂದ್ಯದಲ್ಲಿ ಪೀಟ್ ರೋಸ್ ಮತ್ತು ಮೆಟ್ಸ್‌ನ ಬಡ್ ಹ್ಯಾರೆಲ್ಸನ್ ನೆಲಕ್ಕುರುಳಿ ಹೊಡೆದಾಡಿದರು. ಎಡ ಮೈದಾನದಲ್ಲಿ ನಿಂತ ರೋಸ್ ಮೇಲೆ ಪ್ರೇಕ್ಷಕರು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯತೊಡಗಿದರು. ಪಂದ್ಯವೇ ಕೈಬಿಡುವ ಸ್ಥಿತಿ. ಬೆರಾ, ವಿಲ್ಲಿ ಮೇಸ್, ಟಾಮ್ ಸೀವರ್ ಮತ್ತಿಬ್ಬರು ಆಟಗಾರರ ಜೊತೆ ಅಲ್ಲಿಗೆ ನಡೆದುಹೋಗಿ ಜನರನ್ನು ಕೈಸನ್ನೆಯಲ್ಲೇ ಸಮಾಧಾನ ಮಾಡಿದರು. ಸರಣಿ ಮೆಟ್ಸ್‌ಗೆ ದಕ್ಕಿತು. ಎರಡೂ ಲೀಗ್‌ಗಳಲ್ಲಿ ಪಟ್ಟ ಗೆದ್ದ ಮ್ಯಾನೇಜರ್ ಅಂದರೆ ಅದುವರೆಗೆ ಜೋ ಮೆಕಾರ್ಥಿ ಒಬ್ಬರೇ, ಬೆರಾ ಎರಡನೆಯವರು.

ವರ್ಲ್ಡ್ ಸೀರೀಸ್‌ನಲ್ಲಿ ಓಕ್ಲೆಂಡ್ ಎದುರು 3–2ರ ಮುನ್ನಡೆ. ಆರನೇ ಪಂದ್ಯಕ್ಕೆ ಜಾರ್ಜ್ ಸ್ಟೋನ್‌ಗೆ ಚೆಂಡು ಕೊಟ್ಟು, ಸೀವರ್‌ಗೆ ಒಂದು ದಿನ ಹೆಚ್ಚು ವಿಶ್ರಾಂತಿ ಕೊಟ್ಟು ಏಳನೆಯದಕ್ಕೆ ಉಳಿಸಬಹುದಿತ್ತು. ಸ್ಟೋನ್ ಆ ವರ್ಷ 12 ಗೆದ್ದು 3 ಮಾತ್ರ ಸೋತಿದ್ದರು. ಬೆರಾ ಸೀವರ್‌ರನ್ನೇ ಇಳಿಸಿದರು. ಆರೂ ಹೋಯಿತು, ಏಳೂ ಹೋಯಿತು. ನನ್ನ ಮಟ್ಟಿಗೆ ಇದು ಅವರ ತಪ್ಪು ಲೆಕ್ಕ. ಅತ್ಯುತ್ತಮ ಪಿಚರ್ ಮೇಲಿನ ನಂಬಿಕೆ ಅರ್ಥವಾಗುತ್ತದೆ, ಆದರೆ ಒಂದು ಪಂದ್ಯ ಕೈಯಲ್ಲಿದ್ದಾಗ ಆತುರ ಬೇಕಿರಲಿಲ್ಲ. ಮೆಟ್ಸ್ ಅಭಿಮಾನಿಗಳು ಇವತ್ತಿಗೂ ಇದನ್ನು ಚರ್ಚಿಸುತ್ತಾರೆ. 1975ರ ಆಗಸ್ಟ್‌ನಲ್ಲಿ ಮೆಟ್ಸ್ ಅವರನ್ನು ಕೈಬಿಟ್ಟಿತು.

ಹದಿನಾಲ್ಕು ವರ್ಷ ಯಾಂಕಿ ಸ್ಟೇಡಿಯಂ ಹೊಸಿಲು ತುಳಿಯಲಿಲ್ಲವಂತೆ, ಯಾಕೆ?

1976ರಲ್ಲಿ ಕೋಚ್ ಆಗಿ ಯಾಂಕೀಸ್‌ಗೆ ಮರಳಿ, 1977 ಮತ್ತು 1978ರ ವರ್ಲ್ಡ್ ಸೀರೀಸ್ ಗೆಲುವುಗಳಲ್ಲಿ ಪಾಲುದಾರರಾದರು. 1984ರಲ್ಲಿ ಮತ್ತೆ ಮ್ಯಾನೇಜರ್. ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ 1985ರ ಪೂರ್ತಿ ನೀವೇ ಎಂದು ಮಾತು ಕೊಟ್ಟರು, ಹದಿನಾರೇ ಪಂದ್ಯಕ್ಕೆ ತೆಗೆದುಹಾಕಿದರು. ಆ ತಂಡದಲ್ಲಿ ಬೆರಾ ಮಗ ಡೇಲ್ ಕೂಡ ಆಡುತ್ತಿದ್ದ. ಬೆರಾಗೆ ನೋವಾದದ್ದು ಕೆಲಸ ಹೋದದ್ದಕ್ಕಲ್ಲ. ಆ ಸುದ್ದಿಯನ್ನು ಸ್ಟೈನ್‌ಬ್ರೆನರ್ ತಾವೇ ಹೇಳದೆ ಬೇರೊಬ್ಬರ ಬಾಯಲ್ಲಿ ಹೇಳಿಸಿದ್ದಕ್ಕೆ. ಈ ಮಾಲೀಕ ಇರುವವರೆಗೆ ಬರುವುದಿಲ್ಲ ಎಂದರು, ಬರಲಿಲ್ಲ. ನಡುವೆ ಹ್ಯೂಸ್ಟನ್ ಆಸ್ಟ್ರೋಸ್‌ನಲ್ಲಿ 1989ರವರೆಗೆ ಕೋಚ್ ಆಗಿದ್ದರು.

1999ರ ಜನವರಿಯಲ್ಲಿ ಸ್ಟೈನ್‌ಬ್ರೆನರ್ ತಾವೇ ನ್ಯೂಜೆರ್ಸಿಗೆ, ಬೆರಾ ಹೆಸರಿನ ಮ್ಯೂಸಿಯಂಗೆ ಬಂದು ಕ್ಷಮೆ ಕೇಳಿದರು. ಬೆರಾ ಕೈ ಚಾಚಿದರು.

ಆಮೇಲೆ?

1999ರ ಜುಲೈ 18, ಯಾಂಕಿ ಸ್ಟೇಡಿಯಂನಲ್ಲಿ ‘ಯೋಗಿ ಬೆರಾ ದಿನ’. ಸಾಂಕೇತಿಕ ಮೊದಲ ಎಸೆತ ಹಾಕಲು ಬಂದವರು ಡಾನ್ ಲಾರ್ಸನ್. ಹಿಡಿಯಲು ಬೆರಾ ಅಂದಿನ ಕ್ಯಾಚರ್ ಜೋ ಜಿರಾರ್ಡಿಯಿಂದ ಗ್ಲೌಸು ಇಸಿದುಕೊಂಡರು, ಹಿಡಿದು ಮರಳಿಸಿದರು. ಅದೇ ಗ್ಲೌಸಿನಲ್ಲಿ ಜಿರಾರ್ಡಿ, ಪಿಚರ್ ಡೇವಿಡ್ ಕೋನ್ ಎಸೆತಗಳನ್ನು ಹಿಡಿಯತೊಡಗಿದರು. 27 ಬ್ಯಾಟರ್, 27 ಔಟ್. ಇನ್ನೊಂದು ಪರ್ಫೆಕ್ಟ್ ಗೇಮ್. ಕೋನ್ ಹಾಕಿದ ಎಸೆತಗಳು 88, ಬೆರಾ ಅಂಗಿಯ ಅಂಕೆ 8. ಕಥೆಗಾರ ಇದನ್ನು ಬರೆದರೆ ಅತಿಯಾಯಿತು ಎನ್ನುತ್ತೇವೆ.

ಅವರ ಮಾತುಗಳೆಲ್ಲ ನಿಜವಾಗಿ ಅವರದ್ದೇ?

ಎಲ್ಲವೂ ಅಲ್ಲ. “ನಾನು ಹೇಳಿದ್ದನ್ನೆಲ್ಲ ನಿಜವಾಗಿ ನಾನೇ ಹೇಳಿಲ್ಲ” ಎಂದು ಅವರೇ ಅಂದಿದ್ದರು. “ದಾರಿ ಕವಲಾದಾಗ ಅದನ್ನೇ ಹಿಡಿದು ಬನ್ನಿ” ಎಂಬುದು ಮಾಂಟ್‌ಕ್ಲೇರ್‌ನ ಅವರ ಮನೆಗೆ ಹೇಳಿದ ದಾರಿ. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಮನೆ ಸಿಗುತ್ತಿತ್ತು. ಮಾತು ಅಡ್ಡಾದಿಡ್ಡಿಯಾಗಿ ಕಂಡರೂ ನೋಟ ನೇರವಾಗಿತ್ತು.

ಇಷ್ಟೊಂದು ಕ್ಯಾಚರ್‌ಗಳು ಮ್ಯಾನೇಜರ್ ಆಗುವುದು ಯಾಕೆ?

ಕಾನಿ ಮ್ಯಾಕ್ ಕ್ಯಾಚರ್ ಆಗಿದ್ದವರು, 1901ರಿಂದ 1950ರವರೆಗೆ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಮ್ಯಾನೇಜರ್. ಬೆರಾ ಕೈಕೆಳಗೆ ಮೆಟ್ಸ್‌ನಲ್ಲಿ ಆಡಿದ ಜೋ ಟೊರೆ ಮುಂದೆ ಯಾಂಕೀಸ್‌ಗೆ ನಾಲ್ಕು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು. ಬ್ರೂಸ್ ಬೋಚಿ ನಾಲ್ಕು ಗೆದ್ದರು: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2010, 2012, 2014, ಟೆಕ್ಸಸ್‌ನಲ್ಲಿ 2023. ಆ ಗ್ಲೌಸು ಎರವಲು ಕೊಟ್ಟ ಜಿರಾರ್ಡಿ 2009ರಲ್ಲಿ ಮ್ಯಾನೇಜರ್ ಆಗಿ ಗೆದ್ದರು.

ಕಾರಣ ಮೇಲೆಯೇ ಬಂದಿದೆ: ಇಡೀ ಅಂಗಳ ಕಾಣುವ ಜಾಗ. ಜೊತೆಗೆ ಇನ್ನೊಂದು. ಪಿಚರ್‌ಗಳ ಸ್ವಭಾವ ಒಬ್ಬೊಬ್ಬರದು ಒಂದೊಂದು ಥರ. ಒಬ್ಬನಿಗೆ ಬೆನ್ನು ತಟ್ಟಬೇಕು, ಇನ್ನೊಬ್ಬನಿಗೆ ಗದರಬೇಕು, ಮತ್ತೊಬ್ಬನ ಹತ್ತಿರ ಹೋಗಿ ಊಟದ ವಿಷಯ ಮಾತಾಡಿ ಬರಬೇಕು. ಕ್ಯಾಚರ್ ಇದನ್ನು ದಿನಾ ಮಾಡುತ್ತಾನೆ.

ಬೆರಾಗೆ ಇನ್ನೊಂದು ಗುಣವೂ ಇತ್ತು, ಜಾಗ ಬಿಟ್ಟುಕೊಡುವುದು. 1955ರಲ್ಲಿ ಯಾಂಕೀಸ್‌ನ ಮೊದಲ ಕಪ್ಪು ಆಟಗಾರನಾಗಿ ಬಂದ ಎಲ್ಸ್ಟನ್ ಹೊವರ್ಡ್ ಕೂಡ ಕ್ಯಾಚರ್. ವರ್ಷ ಕಳೆದಂತೆ ಹೊವರ್ಡ್ ಕ್ಯಾಚರ್ ಆದರು, ಬೆರಾ ಎಡ ಮೈದಾನಕ್ಕೆ ಹೋದರು. 1963ರಲ್ಲಿ ಹೊವರ್ಡ್ ಅತ್ಯಮೂಲ್ಯ ಆಟಗಾರರಾದರು. ಹಾಗೆಂದು ಬೆರಾ ಮಂಡಿ ಸೋತಿರಲಿಲ್ಲ. 1962ರ ಜೂನ್ 24ರಂದು ಡೆಟ್ರಾಯ್ಟ್‌ನಲ್ಲಿ ಏಳು ಗಂಟೆ ನಡೆದ ಪಂದ್ಯದ 22 ಇನಿಂಗ್ಸ್‌ಗಳನ್ನೂ 37ರ ವಯಸ್ಸಿನಲ್ಲಿ ಕ್ಯಾಚರ್ ಆಗಿ ಕೂತು ಮುಗಿಸಿದ್ದರು.

ಒಟ್ಟು ಎಷ್ಟು ವರ್ಲ್ಡ್ ಸೀರೀಸ್ ಕಂಡರು?

ಆಟಗಾರನಾಗಿ 14, ಮ್ಯಾನೇಜರ್ ಆಗಿ 2, ಕೋಚ್ ಆಗಿ 5. ಒಟ್ಟು 21. ಗೆದ್ದದ್ದು 13.

ಈಗ ಅವರ ನೆನಪನ್ನು ಎಲ್ಲಿ ನೋಡಬಹುದು?

ನ್ಯೂಜೆರ್ಸಿಯ ಲಿಟ್ಲ್ ಫಾಲ್ಸ್‌ನಲ್ಲಿ, ಮಾಂಟ್‌ಕ್ಲೇರ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಅವರ ಮ್ಯೂಸಿಯಂ ಇದೆ. ಅಲ್ಲಿ ಸುತ್ತಮುತ್ತ ಇರುವ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಹೋಗಿ, ‘ಯೋಗಿ’ ಹೆಸರಿನ ಕಥೆಯನ್ನು ಅಲ್ಲೇ ಹೇಳಿ.

ಬೆರಾ ತೀರಿಕೊಂಡದ್ದು 2015ರ ಸೆಪ್ಟೆಂಬರ್ 22ರಂದು, ತೊಂಬತ್ತನೇ ವಯಸ್ಸಿನಲ್ಲಿ. ಯಾಂಕೀಸ್ ಅಂಗಿ ತೊಟ್ಟು ಮೊದಲ ಸಲ ಹೋಮ್ ಪ್ಲೇಟ್ ಹಿಂದೆ ಕೂತು ಅಂದಿಗೆ ಸರಿಯಾಗಿ 69 ವರ್ಷವಾಗಿತ್ತು.